ನಮ್ಮ ಎಪಿಎಲ್ ಕಾಕಾ

ನಮ್ಮ ಕಾಕಾ ಅವರಿಗೆ ಮೂರನೇ ಕ್ಲಾಸಿನ ಲೆಕ್ಕ ಬರುವುದಿಲ್ಲ. ಇದು ನನ್ನ ಮಾತಲ್ಲ, ಈಸ್ಟ್ ಬ್ರನ್ಸ್‌ವಿಕ್ಕಿನ ಶಾಲೆಯೊಂದರ ಟೀಚರಮ್ಮ ನನ್ನನ್ನು ಕರೆಸಿ, ಪುಟ್ಟ ಕುರ್ಚಿಯಲ್ಲಿ ಕೂರಿಸಿ, ಅತ್ಯಂತ ಮರ್ಯಾದೆಯಿಂದ ಹೇಳಿದ ಮಾತು!

ಕಾಕಾ ಎಂದರೆ ನನ್ನ ಗಂಡನ ಚಿಕ್ಕಪ್ಪ. ನಾನು ಮೈಸೂರಿನವಳು, ಅವರದು ಧಾರವಾಡ. ಹಾಗಾಗಿ ಮದುವೆಯಾದ ಮೇಲೆ ಚಿಕ್ಕಪ್ಪ ಕಾಕಾ ಆದರು, ಚಿಕ್ಕಮ್ಮ ಕಾಕು ಆದರು. ನಮ್ಮಿಂದ ಎರಡು ಬೀದಿ ಆಚೆಗೆ ಅವರ ಮನೆ. ಮಕ್ಕಳಿಲ್ಲ. ಕಾಕಾ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಅಮೆರಿಕಕ್ಕೆ ಬಂದು ಇಲ್ಲಿಯೂ ಒಂದು ಡಿಗ್ರಿ ಪಡೆದು, ಜರ್ಸಿ ಸಿಟಿಯ ಹಣಕಾಸು ಕಂಪನಿಯೊಂದರಲ್ಲಿ ಬಾಂಡುಗಳ ಲೆಕ್ಕ ಹಾಕುವ ಪ್ರೋಗ್ರಾಮು ಬರೆದವರು. ಇಷ್ಟೆಲ್ಲ ಇದ್ದೂ, ಎರಡು ಗುಣಿಸು ಮೂರು ಕೂಡಿಸು ನಾಲ್ಕು ಎಷ್ಟು ಎಂದು ಅವರನ್ನು ಕೇಳಿ ನೋಡಿ. ನೀವು ಹತ್ತು ಎನ್ನುತ್ತೀರಿ. ನಿಮ್ಮ ಹಾಲಿನವನೂ ಹತ್ತು ಎನ್ನುತ್ತಾನೆ. ಕಾಕಾ ಮಾತ್ರ ಹದಿನಾಲ್ಕು ಎನ್ನುತ್ತಾರೆ! ಎಂದು ಸುಮ್ಮನಿರುತ್ತಾರೆಯೆ? ಹತ್ತು ಎಂದವರ ಕಡೆಗೆ, ಪಾಪ, ಎಳೆಯ ವಯಸ್ಸಿನಲ್ಲೇ ಯಾರೋ ದಾರಿ ತಪ್ಪಿಸಿದ್ದಾರೆ ಎನ್ನುವಂತೆ ಒಂದು ನೋಟ ಬೀರುತ್ತಾರೆ.

ನನ್ನ ಮಗಳ ಹೋಂವರ್ಕಿನಲ್ಲಿ ಅಂಥ ಲೆಕ್ಕ ಒಂದು ಪುಟ ಪೂರ್ತಿ ಇತ್ತು. ನಾನು ಅಡುಗೆಯಲ್ಲಿದ್ದೆ, ಕಾಕಾ ಹೇಳಿಕೊಟ್ಟರು. ಒಂದೂ ಸರಿಯಿರಲಿಲ್ಲ! ಟೀಚರಮ್ಮ ಕರೆಸಿದಾಗ ಕಾಕಾ ತಾವೇ ಜೊತೆಗೆ ಬಂದರು. ಬಂದವರು ಆಕೆಯ ಎದುರು ಕೂತು, “ಮೇಡಂ, ಗುಣಾಕಾರ ಏನು ವಿಐಪಿಯೆ? ಎಲ್ಲರೂ ಸಾಲಿನಲ್ಲಿ ನಿಂತಿರುವಾಗ ಅದೊಂದು ಮುಂದೆ ನುಗ್ಗುವುದು ಯಾವ ನ್ಯಾಯ?” ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು. ಯಾವ ಚಿಹ್ನೆಯೂ ದೊಡ್ಡದಲ್ಲ, ಯಾವುದೂ ಚಿಕ್ಕದಲ್ಲ, ಬಲಗಡೆ ಇರುವುದನ್ನು ಮೊದಲು ಮಾಡಿ ಎಡಕ್ಕೆ ಬರುತ್ತ ಹೋದರೆ ನೆನಪಿಡಲು ಇರುವುದು ಒಂದೇ ನಿಯಮ ಎಂದು ವಿವರಿಸಿದರು. ಮೂರಕ್ಕೆ ನಾಲ್ಕು ಕೂಡಿಸಿ ಏಳು, ಅದನ್ನು ಎರಡರಿಂದ ಗುಣಿಸಿ ಹದಿನಾಲ್ಕು! ಟೀಚರಮ್ಮ ಕೇಳಿಸಿಕೊಂಡು, ಬಹಳ ಚೆನ್ನಾಗಿದೆ, ಆದರೆ ಪರೀಕ್ಷೆಯಲ್ಲಿ ದಯವಿಟ್ಟು ಹತ್ತು ಬರೆಯಲಿ ಎಂದರು. ಕಾಕಾ ಮುಖ ಸಣ್ಣದಾಯಿತು. ರಾಜಿ ಮಾಡಿಸಿದವಳು ನನ್ನ ಮಗಳು. “ಇಟ್ಸ್ ಟೆನ್ ಅಟ್ ಸ್ಕೂಲ್ ಅಂಡ್ ಫೋರ್ಟೀನ್ ಅಟ್ ಅಜ್ಜಾಸ್ ಹೌಸ್. ನೋ ಬಿಗ್ ಡೀಲ್!”

ಈ ಹದಿನಾಲ್ಕರ ಮೂಲ ಒಂದು ಕಂಪ್ಯೂಟರ್ ಭಾಷೆ. ಹೆಸರು ಎಪಿಎಲ್. ನಗಬೇಡಿ! ನನ್ನ ಅಮ್ಮ ಮೈಸೂರಿನಿಂದ ಬಂದಿದ್ದಾಗ ಹೀಗೇ ಆಯಿತು. ಕಾಕಾ ಅವರದು ಎಪಿಎಲ್ ಎಂದು ಯಾರೋ ಹೇಳಿದ್ದನ್ನು ಕೇಳಿಸಿಕೊಂಡು, ಅಡುಗೆಮನೆಗೆ ಬಂದು ಪಿಸುಗುಟ್ಟಿದರು. “ಅಲ್ವೇ, ಅಮೆರಿಕಾದಲ್ಲೂ ರೇಷನ್ ಕಾರ್ಡ್ ಇದ್ಯೇನೇ? ನಿಮ್ಮದು ಯಾವುದು? ಎಪಿಎಲ್ಲೋ ಬಿಪಿಎಲ್ಲೋ?”

ಆ ಭಾಷೆಯ ಹುಟ್ಟಿನ ಕತೆ ನನಗೆ ಬಾಯಿಪಾಠ. ಯಾಕೆಂದರೆ ನನ್ನ ಆಫೀಸೂ ಜರ್ಸಿ ಸಿಟಿಯಲ್ಲೇ ಇತ್ತು, ನಾನು ದಿನಾ ಕಾಕಾ ಅವರ ಕಾರಿನಲ್ಲೇ ಕಮ್ಯೂಟ್ ಮಾಡುತ್ತಿದ್ದೆ. ಟರ್ನ್‌ಪೈಕ್ ಹೆದ್ದಾರಿಯಲ್ಲಿ ಹಿಂದಿನವರು ಹಾರ್ನ್ ಹೊಡೆಯಲಿ, ಕೈ ತೋರಿಸಿ ಬೈಯಲಿ, ಕಾಕಾ ತಮ್ಮ ಎತ್ತಿನ ಬಂಡಿಯ ವೇಗ ಬಿಡುತ್ತಿರಲಿಲ್ಲ, ಕತೆಯನ್ನೂ ಬಿಡುತ್ತಿರಲಿಲ್ಲ. ಎಕ್ಸಿಟ್ ಒಂಬತ್ತರಲ್ಲಿ ಶುರು.

“ನೋಡವಾ, ಮೊದಲ ಕಂಪ್ಯೂಟರ್ ಅಲ್ಲ. ಮೊದಲ ಹಲಗಿ! ಕರೀ ಹಲಗಿ. ಒಬ್ಬ ಮಾಸ್ತರ ಇದ್ದ, ಸಣ್ಣ ವಯಸ್ಸಿನಂವ. ದೊಡ್ಡ ಯೂನಿವರ್ಸಿಟಿಯೊಳಗ ಹುಡುಗರಿಗೆ ಪಾಠಾ ಮಾಡ್ತಿದ್ದ. ಅವಂಗೊಂದು ತ್ರಾಸ. ಏನದು? ಹೇಳು!”

“ಗಣಿತದ ಚಿಹ್ನೆಗಳು ಸರಿಯಿಲ್ಲ ಅಂತ,” ಎನ್ನುತ್ತಿದ್ದೆ, ಹರಿಕತೆಯಲ್ಲಿ ತಾಳ ಹಾಕುವವಳ ಹಾಗೆ.

“ಹಾಂ! ಗುಣಾಕಾರಕ್ಕ ಒಮ್ಮೆ ಕತ್ತರಿ ಹಾಕ್ತಾರ, ಒಮ್ಮೆ ಚುಕ್ಕಿ ಇಡ್ತಾರ, ಒಮ್ಮೆ ಏನೂ ಬರಿಯೂದಿಲ್ಲ, ನೀನ ತಿಳ್ಕೋ ಅಂತಾರ! ಘಾತ ಅಂತೂ ಹೆಗಲ ಮ್ಯಾಲೆ ಏರಿ ಕೂತಿರ್ತದ. ಒಂದಕ್ಕ ಒಂದು ರೀತಿ, ಇನ್ನೊಂದಕ್ಕ ಇನ್ನೊಂದು ರೀತಿ. ಹಿಂಗಾದ್ರ ಹುಡುಗರು ಹೆಂಗ ಕಲೀಬೇಕು? ಅದಕ್ಕ ಅಂವಾ ತನ್ನದ ಒಂದು ಬರವಣಿಗಿ ಮಾಡಿದ. ಎಲ್ಲಾ ಒಂದ ಸಾಲಿನ್ಯಾಗ, ಎಲ್ಲಾದಕ್ಕೂ ಒಂದ ನಿಯಮ. ಮಷೀನಿಗಲ್ಲ, ಮನಷಾರಿಗೆ! ಮನಷಾ ಮನಷಾಗ ತಿಳಿಸಿ ಹೇಳ್ಲಿಕ್ಕೆ!”

ಎಕ್ಸಿಟ್ ಹನ್ನೊಂದು, ವುಡ್‌ಬ್ರಿಡ್ಜಿನ ಹೊತ್ತಿಗೆ ಮಾಸ್ತರು ಕಂಪ್ಯೂಟರ್ ಮಾಡುವ ದೊಡ್ಡ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ, ಒಂದು ಪುಸ್ತಕವನ್ನೂ ಬರೆದಿರುತ್ತಿದ್ದರು. ನೆವಾರ್ಕ್ ವಿಮಾನ ನಿಲ್ದಾಣ ದಾಟುವಾಗ ಅಲ್ಲಿನ ಗೆಳೆಯರು, ಇಷ್ಟು ಚಂದದ ಬರವಣಿಗೆಯನ್ನು ಮೆಷೀನಿಗೂ ಯಾಕೆ ಓದಿಸಬಾರದು ಎಂದು ಕೇಳುತ್ತಿದ್ದರು. ಮಾಮೂಲಿ ಟೈಪ್‌ರೈಟರಿನಲ್ಲಿ ತ್ರಿಕೋನ, ವೃತ್ತ, ಗ್ರೀಕ್ ಅಕ್ಷರ ಎಲ್ಲಿಂದ ಬರಬೇಕು? ಅಕ್ಷರಗಳ ಉಂಡೆಯನ್ನೇ ಬದಲಾಯಿಸಬಹುದಾದ ಟೈಪ್‌ರೈಟರ್ ಬಂತು. ನಿಂಬೆಹಣ್ಣಿನಷ್ಟು ಗಾತ್ರದ ಉಂಡೆ, ಅದರ ಮೈಮೇಲೆಲ್ಲ ಹೊಸ ಚಿಹ್ನೆಗಳು. ಹಾಲೆಂಡ್ ಟನಲ್ ಎಂಬ ಸುರಂಗದ ಬೋರ್ಡು ಕಾಣುವಷ್ಟರಲ್ಲಿ ಮೆಷೀನು ಉತ್ತರ ಕೊಡುತ್ತಿತ್ತು. ಕಾಕಾ ಆ ಉಂಡೆಯನ್ನು ಮೊದಲು ಕಂಡದ್ದು ವಿದ್ಯಾರ್ಥಿಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ. ಕಂಡು, ಕೈಯಲ್ಲಿ ಹಿಡಿದು, ಸಾಲಿಗ್ರಾಮದಂತೆ ತಿರುಗಿಸಿ ನೋಡಿದರಂತೆ. ಅಷ್ಟೇ. ಮುಗಿಯಿತು!

“ಹೆಸರು ಏನಿಡೂದು ಅಂತ ಭಾಳ ವಿಚಾರ ಮಾಡಿದ್ರವಾ. ಯಾವದೂ ಮನಸಿಗೆ ಬರ್ಲಿಲ್ಲ. ಕಡೀಕ ಎ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್, ಒಂದು ಪ್ರೋಗ್ರಾಮಿಂಗ್ ಭಾಷೆ, ಅದರ ಮೊದಲಿನ ಅಕ್ಷರಾ ಇಟ್ಟಬಿಟ್ರು. ಕೂಸಿಗೆ ತೊಟ್ಟಲಾ ಕಟ್ಟಿ, ಮಂದಿನ್ನೆಲ್ಲಾ ಕರದು, ಕಿವಿಯೊಳಗ ‘ಒಂದು ಕೂಸು’ ಅಂತ ಹೆಸರಿಟ್ಟಂಗ!” ಎಂದು ತಾವೇ ನಕ್ಕು, ನಗುವಿನಲ್ಲಿ ಎಕ್ಸಿಟ್ ತಪ್ಪಿಸಿಕೊಳ್ಳುತ್ತಿದ್ದರು. ನಾನು ಆಫೀಸಿಗೆ ತಡವಾಗಿ ಹೋಗುತ್ತಿದ್ದುದು ಇದೇ ಕಾರಣಕ್ಕೆ. ಮ್ಯಾನೇಜರಿಗೆ ಏನೆಂದು ಹೇಳಲಿ, ನಾಮಕರಣ ಇತ್ತು ಎನ್ನಲೆ?

ಕಾಕು ಅವರ ಗೋಳು ಬೇರೆ. ಅಡುಗೆಮನೆಯ ಡಬ್ಬಿಗಳ ಮೇಲೆ ಕಾಕಾ ಒಂದು ಭಾನುವಾರ ತಮ್ಮ ಚಿಹ್ನೆಗಳನ್ನು ಬರೆದುಬಿಟ್ಟಿದ್ದರು. ಜೀರಿಗೆಗೆ ಅಯೋಟ ಎಂಬ ಗ್ರೀಕ್ ಅಕ್ಷರ, ಯಾಕೆಂದರೆ ಅದು ಜೀರಿಗೆಯ ಹಾಗೇ ಕಾಣುತ್ತದೆ. ಸಾಸಿವೆಗೆ ಸೊನ್ನೆ. ಮೆಂತ್ಯಕ್ಕೆ ಚೌಕ. ಸಕ್ಕರೆ ಉಪ್ಪು ಎರಡಕ್ಕೂ ನಕ್ಷತ್ರ, ಆದರೆ ಒಂದಕ್ಕೆ ಸುತ್ತಲೂ ವೃತ್ತ! ನನ್ನ ಅಮ್ಮ ಗಣೇಶನ ಹಬ್ಬಕ್ಕೆ ಆ ಮನೆಯಲ್ಲಿ ಮಾಡಿದ ಶಾವಿಗೆ ಪಾಯಸವನ್ನು ನಾವು ಯಾರೂ ಮರೆತಿಲ್ಲ.

“ಗಣಪತಿಗೆ ನೈವೇದ್ಯ ಆಗೇದ, ದೇವರ ಉಂಡಾನ, ನೀವೂ ಸುಮ್ನ ಉಣ್ರಿ,” ಎಂದರು ಕಾಕು. ಗಂಡನತ್ತ ತಿರುಗಿ, “ಇನ್ನ ನೀವು ನಿಮ್ಮ ವಿದ್ಯಾ ಆಫೀಸಿನ್ಯಾಗ ಇಟ್ಟು ಬರ್ರಿ. ಮನ್ಯಾಗ ಯಾರೂ ಕೇಳಿಲ್ಲ ಅದನ್ನ,” ಎಂದರು.

ನಿಜಕ್ಕೂ ಯಾರೂ ಕೇಳಿರಲಿಲ್ಲ. ಆಫೀಸಿನಲ್ಲೂ ಕೇಳುವವರಿರಲಿಲ್ಲ. ಆ ಪ್ರೋಗ್ರಾಮು ತನ್ನ ಪಾಡಿಗೆ ತಾನು ಓಡುತ್ತಿತ್ತು, ಓಡಿಸಲು ಕಾಕಾ ಇದ್ದರು. ಅದರೊಳಗೇನಿದೆ ಎಂದು ಇಣುಕಿದವರು ತ್ರಿಕೋನ ವೃತ್ತಗಳ ಆ ರಂಗೋಲಿ ಕಂಡು ಹೆದರಿ ಹಿಂದೆ ಸರಿಯುತ್ತಿದ್ದರು.

ಅಷ್ಟರಲ್ಲಿ ಆ ಕೆಟ್ಟ ಕಾಲ ಬಂತು. ನದಿಯಾಚೆ ಮ್ಯಾನ್‌ಹಟನ್ನಿನಲ್ಲಿ ಬ್ಯಾಂಕುಗಳು ಕುಸಿಯತೊಡಗಿದವು. ಮೊನ್ನೆಯವರೆಗೆ ಬೋನಸ್ಸಿನ ಮಾತಾಡುತ್ತಿದ್ದವರು ರಟ್ಟಿನ ಪೆಟ್ಟಿಗೆಯಲ್ಲಿ ಕಾಫಿ ಕಪ್ಪು, ಮಕ್ಕಳ ಫೋಟೊ ಇಟ್ಟುಕೊಂಡು ಸ್ಟೇಷನ್ನಿನ ಕಡೆ ನಡೆಯುತ್ತಿದ್ದರು. ನಮ್ಮ ಆಫೀಸಿನಲ್ಲಿ ನನ್ನ ವಿಭಾಗವನ್ನೇ ಮುಚ್ಚಿದರು. ಕಾಕಾ ಕಾರಿನ ಪಕ್ಕದ ಸೀಟು ಖಾಲಿಯಾಯಿತು, ಕತೆಗೆ ತಾಳ ಹಾಕುವವರು ಇಲ್ಲವಾದರು.

ಕಾಕಾ ಅವರ ಕಂಪನಿ ಹೊಸ ಯಜಮಾನನ ಕೈ ಸೇರಿತ್ತು. ಆತ ಹಳೆಯದನ್ನೆಲ್ಲ ತೆಗೆಯಿರಿ ಎಂದ. ಎಪಿಎಲ್ಲಿನಲ್ಲಿದ್ದ ಪ್ರೋಗ್ರಾಮನ್ನು ಹೊಸ ಭಾಷೆಯಲ್ಲಿ ಬರೆಯಬೇಕು. ಅದಕ್ಕೆ ಮೂವರು ಎಳೆಯರನ್ನು ಗೊತ್ತುಮಾಡಿದರು. ಅವರಿಗೆ ಕಾಕಾ ಎಲ್ಲ ಕಲಿಸಬೇಕು. ಕಲಿಸಿದ ಮೇಲೆ? ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಆ ಶನಿವಾರ ನಮ್ಮ ಮನೆಯಲ್ಲಿ ಸಭೆ. ಕಾಕು ದೊಡ್ಡ ಪಾತ್ರೆಯ ತುಂಬ ಮಂಡಕ್ಕಿಯ ಗಿರಮಿಟ್ಟು, ಜೊತೆಗೆ ಮೆಣಸಿನಕಾಯಿ ಬಜ್ಜಿ ಮಾಡಿಕೊಂಡು ಬಂದಿದ್ದರು. ಮುಖ ಮಾತ್ರ ಶ್ರಾದ್ಧದ ಮನೆಯವರಂತಿತ್ತು. ನನ್ನ ಗಂಡ ಶುರುಮಾಡಿದರು.

“ಕಾಕಾ, ನೀವು ಕಲಿಸಿ ಮುಗಿಸಿದ ದಿವಸ ಅವರು ನಿಮ್ಮನ್ನ ಮನಿಗೆ ಕಳಸ್ತಾರ. ತಿಳೀತದೋ ಇಲ್ಲೋ?”

“ತಿಳೀತದ,” ಎಂದರು ಕಾಕಾ, ಮೆಣಸಿನಕಾಯಿ ಬಜ್ಜಿ ಕಚ್ಚುತ್ತ.

“ಹಂಗಾರ ಸಾವಕಾಶ ಕಲಸ್ರಿ. ಒಂದೆರಡು ಮಾತು ನಿಮ್ಮ ಹತ್ರನ ಇಟ್ಕೋರಿ. ಈಗ ಹೊರಗ ಬಿದ್ರ ಈ ವಯಸ್ಸಿನ್ಯಾಗ ಯಾರು ಕರೀತಾರ?”

ಕಾಕು ಕೂಡ, “ಅಂವಾ ಹೇಳೂದು ಖರೇ ಅದ ರೀ,” ಎಂದರು.

ಕಾಕಾ ಬಜ್ಜಿ ಕೆಳಗಿಟ್ಟರು. “ಇಷ್ಟು ವರ್ಷ ಆತು. ಇದು ಏನು, ಹೆಂಗ ಬಂತು, ಯಾಕ ಹಿಂಗದ ಅಂತ ಒಬ್ಬರರ ಕೇಳ್ಯಾರೇನು ನನ್ನ? ಈಗ ಮೂರು ಮಂದಿ ಕೇಳ್ಲಿಕ್ಕೆ ಕೂತಾರ. ಅವರಿಗೆ ಪಗಾರ ಕೊಟ್ಟು ಕೂಡ್ಸ್ಯಾರ! ನಾ ಹೆಂಗ ಒಲ್ಲೆ ಅನ್ಲಿ?”

ಅಷ್ಟು ವರ್ಷ ಆ ಕಾರಿನಲ್ಲಿ ಕೂತವಳು ನಾನು, ಅವರು ಹೇಳಿದ್ದನ್ನೆಲ್ಲ ಕೇಳಿದವಳು. ನಾನಾಗಿ ಒಂದು ಪ್ರಶ್ನೆ ಕೇಳಿದ್ದೆನೇ ಎಂದು ಯೋಚಿಸುತ್ತ ತಟ್ಟೆ ನೋಡಿಕೊಂಡು ಕೂತೆ.

ಸೋಮವಾರ ಕಾಕಾ ಆಫೀಸಿಗೆ ಹೊರಟದ್ದು ಕರೀ ಹಲಗೆಯೊಂದಿಗೆ! ಯಾವುದೋ ಹಳೆಯ ಶಾಲೆಯ ಸಾಮಾನು ಮಾರುವಾಗ ಕೊಂಡುತಂದು ಗರಾಜಿನಲ್ಲಿ ಇಟ್ಟದ್ದು. ಆಫೀಸಿನಲ್ಲಿ ಬಿಳಿ ಬೋರ್ಡು ಇದೆಯಲ್ಲ ಎಂದರೆ, ಮಾರ್ಕರಿನಲ್ಲಿ ಬರೆದದ್ದು ತಲೆಗೆ ಹತ್ತುವುದಿಲ್ಲ ಎಂದರು. ಲಾಬಿಯಲ್ಲಿ ಸೆಕ್ಯೂರಿಟಿಯವನು ಅಡ್ಡ ನಿಂತು, ಇದರಲ್ಲಿ ಏನಿದೆ ಎಂದು ಕೇಳಿದನಂತೆ. “ಸದ್ಯಕ್ಕೆ ಏನೂ ಇಲ್ಲ. ಸಂಜೆಗೆ ಬಂದು ನೋಡು,” ಎಂದರಂತೆ ಕಾಕಾ.

ಮುಂದಿನದನ್ನು ನನಗೆ ಹೇಳಿದ್ದು ಲಿನ್. ಆ ಮೂವರಲ್ಲಿ ಒಬ್ಬಳು, ಚೀನಾ ಮೂಲದ ಹುಡುಗಿ, ಮುಖದಲ್ಲಿ ಇನ್ನೂ ಕಾಲೇಜಿನ ಕಳೆ. ಮೊದಲ ವಾರ ಕಾಕಾ ಪ್ರೋಗ್ರಾಮಿನ ಒಂದು ಸಾಲನ್ನೂ ತೋರಿಸಲಿಲ್ಲವಂತೆ! ಮಾಸ್ತರು, ಹಲಗೆ, ಪುಸ್ತಕ, ಉಂಡೆ, ನಾಮಕರಣ. ಇಲ್ಲಿ ಎಕ್ಸಿಟ್ಟುಗಳಿಲ್ಲವಲ್ಲ, ಕತೆಗೆ ಲಂಗುಲಗಾಮಿಲ್ಲ. ಮ್ಯಾನೇಜರಿಗೆ ಸಿಟ್ಟು. ಮುದುಕ ಬೇಕೆಂದೇ ದಿನ ದೂಡುತ್ತಿದ್ದಾನೆ ಎಂದು ಅವನ ಅನುಮಾನ. ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದ ಆಫೀಸಿನ ಉಳಿದವರಿಗೆ ಮಾತ್ರ ಕಾಕಾ ಮೇಲೆ ಎಲ್ಲಿಲ್ಲದ ಗೌರವ. ಎಂಥ ಚಾಣಾಕ್ಷ! ಕಲಿಸುವ ಹಾಗೆ ಮಾಡಿ ಹೇಗೆ ಕಾಲ ತಳ್ಳುತ್ತಿದ್ದಾನೆ! ಲಿಫ್ಟಿನಲ್ಲಿ ಸಿಕ್ಕವರೆಲ್ಲ ಬೆನ್ನು ತಟ್ಟುತ್ತಿದ್ದರಂತೆ. ಕಾಕಾ ಪಾಪ, ಎಪಿಎಲ್ಲಿನ ಮಹಿಮೆ ಕೊನೆಗೂ ಜನಕ್ಕೆ ತಿಳಿಯಿತು ಎಂದುಕೊಂಡು ಎಲ್ಲರಿಗೂ ಥ್ಯಾಂಕ್ಯೂ ಹೇಳುತ್ತಿದ್ದರಂತೆ.

ಎರಡನೇ ವಾರ ಹಲಗೆಯ ಮೇಲೆ ಒಂದು ಕೂಡಿಸುವ ಚಿಹ್ನೆ, ಅದರ ಪಕ್ಕ ಒಂದು ಓರೆ ಗೆರೆ, ಮುಂದೆ ಒಂದಷ್ಟು ಅಂಕಿ ಬರೆದರು. ಅಂದರೆ ಈ ಅಂಕಿಗಳನ್ನೆಲ್ಲ ಒಟ್ಟು ಕೂಡಿಸು ಎಂದು. ಲಿನ್ ಸ್ವಲ್ಪ ಹೊತ್ತು ನೋಡಿ, “ಹಾಗಾದರೆ ಕೂಡಿಸುವ ಚಿಹ್ನೆ ಅಳಿಸಿ ಗುಣಿಸುವ ಚಿಹ್ನೆ ಇಟ್ಟರೆ, ಎಲ್ಲವನ್ನೂ ಗುಣಿಸುತ್ತದಾ?” ಎಂದು ಕೇಳಿದಳು. ಕಾಕಾ ಸುಣ್ಣದ ಕಡ್ಡಿಯನ್ನು ಅವಳ ಕೈಗೆ ಕೊಟ್ಟು, ಚೀಲದಿಂದ ಧಾರವಾಡ ಪೇಡೆಯ ಡಬ್ಬಿ ತೆಗೆದರು. ಅದು ನಮ್ಮ ಮನೆಗೆ ತರುವುದಾಗಿ ಹೇಳಿದ್ದ ಪೇಡೆ. ನಮಗೆ ಬರಲೇ ಇಲ್ಲ!

ಬುಡ ಗೊತ್ತಾಗಿದ್ದರಿಂದ ಆ ಹುಡುಗರು ಪ್ರೋಗ್ರಾಮನ್ನು ತಾವೇ ಓದತೊಡಗಿದರು. ಚಳಿಗಾಲ ಪೂರ್ತಿ ಹಿಡಿಯುತ್ತದೆ ಎಂದುಕೊಂಡಿದ್ದ ಕಲಿಸುವ ಕೆಲಸ ನವೆಂಬರಿನ ಥ್ಯಾಂಕ್ಸ್‌ಗಿವಿಂಗಿಗೆ ಮೊದಲೇ ಮುಗಿಯಿತು. ಮ್ಯಾನೇಜರು ಕಾಕಾ ಕೈ ಕುಲುಕಿ ಹೊಗಳಿದ. ಮರುದಿನ ಕೆಲಸದಿಂದ ತೆಗೆದ!

ಕಾಕಾ ರಟ್ಟಿನ ಪೆಟ್ಟಿಗೆ ಹಿಡಿದು ಮನೆಗೆ ಬಂದಾಗ ನಾನು ಅಲ್ಲೇ ಇದ್ದೆ. ಬಾಗಿಲಲ್ಲಿ ನಿಂತು, “ಎಪಿಎಲ್ ಹೋತು. ನಾಳಿಂದ ಬಿಪಿಎಲ್,” ಎಂದರು. ನಗಲಿ ಎಂದು ನಮ್ಮ ಮುಖ ನೋಡಿದರು. ಕಾಕು ಪೆಟ್ಟಿಗೆ ಇಸಿದುಕೊಂಡು, “ಇಷ್ಟು ಛಲೋ ಕಲಸೂದಿತ್ತೇನ್ರಿ?” ಎಂದರು.

ಆ ಚಳಿಗಾಲ ಕಾಕಾ ಮೆತ್ತಗಾದರು. ಮನೆಮುಂದಿನ ಹಿಮ ತೆಗೆಯುತ್ತಿದ್ದರು, ನಮ್ಮ ಮನೆಮುಂದಿನದನ್ನೂ ಬಂದು ತೆಗೆಯುತ್ತಿದ್ದರು. ಕರೆದರೆ ಚಹಾ ಕುಡಿದು ಹೋಗುತ್ತಿದ್ದರು. ಎಪಿಎಲ್ ಎಂಬ ಮಾತನ್ನೇ ಎತ್ತಲಿಲ್ಲ. ಒಮ್ಮೆ ಸುಮ್ಮನಿದ್ದರೆ ಸಾಕಪ್ಪಾ ಎಂದು ಹರಕೆ ಹೊತ್ತವರು ನಾವೆಲ್ಲ. ಈಗ ಅವರು ಸುಮ್ಮನಿರುವುದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ನಾನೇ ಒಂದು ದಿನ ನಾಚಿಕೆ ಬಿಟ್ಟು, “ಕಾಕಾ, ಆ ಮಾಸ್ತರು ಹಲಗೆ ಮೇಲೆ ಮೊದಲು ಏನು ಬರೆದರು?” ಎಂದು ಕೇಳಿದೆ. ಅವರು ಚಹಾ ಬಟ್ಟಲು ನೋಡುತ್ತ, “ಈಗ್ಯಾಕವಾ ಅದೆಲ್ಲಾ,” ಎಂದುಬಿಟ್ಟರು. ಮುಂದೆ ಕಮ್ಯೂನಿಟಿ ಕಾಲೇಜಿನಲ್ಲಿ ಗಣಿತ ಹೇಳುವ ಕೆಲಸ ಸಿಕ್ಕಿ, ಅಲ್ಲಿನ ಮಕ್ಕಳ ತಲೆ ತಿನ್ನುತ್ತ ಮತ್ತೆ ಮೊದಲಿನಂತಾದರು ಎನ್ನಿ. ಆದರೆ ಅದಕ್ಕೂ ಮೊದಲು ನಡೆದ ಒಂದು ಸಂಗತಿಯನ್ನು ಹೇಳಬೇಕು.

ಹಿಮ ಕರಗುವ ಹೊತ್ತಿಗೆ ಲಿನ್ ಫೋನ್ ಮಾಡಿದಳು. ಹೊಸ ಪ್ರೋಗ್ರಾಮು ಸಿದ್ಧವಾಗಿದೆ, ಶುಕ್ರವಾರ ಹಳೆಯದನ್ನು ನಿಲ್ಲಿಸುತ್ತೇವೆ, ನೀವು ಬರುತ್ತೀರಾ? ಕಾಕಾ ಮದುವೆಗೆ ಹೊಲಿಸಿದ್ದ ಸೂಟು ಹಾಕಿಕೊಂಡರು. ಈಗ ಹೊಟ್ಟೆಯ ಮೇಲೆ ಕೋಟಿನ ಗುಂಡಿ ಕೂಡುತ್ತಿರಲಿಲ್ಲ. ನಾನು ಡ್ರೈವ್ ಮಾಡಿದೆ. ಅಷ್ಟು ವರ್ಷ ದಿನಾ ಒಳಗೆ ಹೋದ ಕಟ್ಟಡದಲ್ಲಿ ಅವರ ಎದೆಗೆ ‘ವಿಸಿಟರ್’ ಎಂಬ ಸ್ಟಿಕ್ಕರ್ ಅಂಟಿಸಿದರು.

ಮೇಲೆ ಆ ಮೂವರು ಹುಡುಗರು ಕೇಕು ತರಿಸಿದ್ದರು. ಅದರ ಮೇಲೆ ಕ್ರೀಮಿನಲ್ಲಿ ಕೂಡಿಸುವ ಚಿಹ್ನೆ, ಪಕ್ಕದಲ್ಲಿ ಓರೆ ಗೆರೆ. ಬೇಕರಿಯವನು ಗೆರೆಯನ್ನು ಆಚೆ ಬದಿಗೆ ವಾಲಿಸಿದ್ದ! ಕಾಕಾ ಕನ್ನಡಕ ಏರಿಸಿ ನೋಡಿ, ಇದು ಬೇರೆಯೇ ಅರ್ಥ ಕೊಡುತ್ತದೆ ಎಂದು ಹೇಳಿ, ಪ್ಲಾಸ್ಟಿಕ್ ಚಾಕುವಿನಿಂದ ಕ್ರೀಮು ಕೆರೆದು ಗೆರೆಯನ್ನು ಈಚೆ ಬದಿಗೆ ವಾಲಿಸಿ ಸರಿಮಾಡಿದರು. ಆಮೇಲೆಯೇ ಕತ್ತರಿಸಲು ಬಿಟ್ಟದ್ದು. ಎಲ್ಲರೂ ನಕ್ಕರು. ಅವರೂ ನಕ್ಕರು.

ಲಿನ್ ಕುರ್ಚಿ ಎಳೆದು ಅವರನ್ನು ಕೂರಿಸಿದಳು. ಕಾಕಾ ಕೊನೆಯ ಬಾರಿ ಪ್ರೋಗ್ರಾಮು ಓಡಿಸಿದರು. ಅಂಕಿಗಳು ಎಂದಿನಂತೆ ಬಂದವು. ಪರದೆಯನ್ನು ಒಂದು ಗಳಿಗೆ ನೋಡಿದರು. ನಿಲ್ಲಿಸುವ ಮಾತು ಟೈಪ್ ಮಾಡಿ, ಗುಂಡಿ ಒತ್ತಿದರು. ಸದ್ದಿಲ್ಲ, ಏನಿಲ್ಲ. ಪರದೆ ಖಾಲಿಯಾಯಿತು. ಕಾಕಾ ಕೀಬೋರ್ಡನ್ನು ಮೇಜಿನ ಅಂಚಿಗೆ ನೇರವಾಗಿ ಸರಿಸಿಟ್ಟು ಎದ್ದರು.

ಮನೆ ಮುಟ್ಟಿದಾಗ ಮಧ್ಯಾಹ್ನ. ಬೆಲ್ಲು ಒತ್ತುವ ಮೊದಲೇ ಕಾಕು ಬಾಗಿಲು ತೆರೆದರು.

“ಆತೇನ್ರಿ?”

“ಆತು.”

ಒಳಗೆ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ನಲ್ಲಿ ತಿರುಗಿಸಿದರೆ ಬಿಸಿನೀರು ಬರುವ ದೇಶ ಇದು. ನನಗೆ ಏನೂ ಅರ್ಥವಾಗಲಿಲ್ಲ.

“ಸೀದಾ ಬಚ್ಚಲಕ್ಕ ಹೋಗ್ರಿ,” ಎಂದರು ಕಾಕು. “ನೀರು ಕಾಸೇನಿ. ತಲೀ ಮ್ಯಾಲೆ ಹಾಕ್ಕೊಂಡು ಬರ್ರಿ.”

ಮಡಿ, ಮೈಲಿಗೆ, ಸಾವಿನ ಸೂತಕ ಎಂದರೆ ಯಾವಾಗಲೂ ವಾದಕ್ಕಿಳಿಯುವ ಕಾಕಾ ಸುಮ್ಮನೆ ಟೈ ಸಡಿಲಿಸಿದರು. “ಮತ್ತ ನೀ?” ಎಂದು ಕೇಳಿದರು.

ಕಾಕು ಒಲೆ ಸಣ್ಣ ಮಾಡಲು ನಮಗೆ ಬೆನ್ನು ತಿರುಗಿಸಿದರು. ಎಣ್ಣೆ ಹಾಕಿ ಬಿಗಿದು ಕಟ್ಟಿದ ಅವರ ತುರುಬನ್ನಷ್ಟೇ ನಾನು ಕಂಡಿದ್ದೆ. ಆ ಹೊತ್ತು ಕೂದಲು ಬಿಚ್ಚಿ ಬೆನ್ನ ಮೇಲೆ ಬಿದ್ದಿತ್ತು. ಸ್ವೆಟರು ಸೊಂಟದವರೆಗೂ ಒದ್ದೆಯಾಗಿತ್ತು, ಕೂದಲ ತುದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.